ವೇಗದ ಮಾನಗಳ ಪರಿವರ್ತನೆ: ನಾಲ್ಕು ಸಂಖ್ಯೆ ಗೊತ್ತಿದ್ದರೆ ಸೂತ್ರ ಬಾಯಿಪಾಠ ಬೇಡ

ಕಾರಿನ ಮೀಟರು ಗಂಟೆಗೆ ಇಷ್ಟು ಕಿಲೋಮೀಟರ್ ಅನ್ನುತ್ತದೆ. ಫಿಸಿಕ್ಸ್ ಪ್ರಶ್ನೆಪತ್ರಿಕೆಗೆ ಸೆಕೆಂಡಿಗೆ ಎಷ್ಟು ಮೀಟರ್ ಎಂಬುದು ಬೇಕು. ಮಲ್ಪೆಯಿಂದ ಹೊರಟ ಬೋಟಿನ ಜಿಪಿಎಸ್ ನಾಟ್ ಎಂಬ ಕಡಲಿನ ಮಾನದಲ್ಲಿ ಮಾತಾಡುತ್ತದೆ, ಅಮೆರಿಕ ಮತ್ತು ಇಂಗ್ಲೆಂಡಿನ ರಸ್ತೆ ಫಲಕಗಳು ಮೈಲಿಯಲ್ಲಿ. ಓಟಗಾರರ ಕೈಗಡಿಯಾರವಂತೂ ಲೆಕ್ಕವನ್ನೇ ತಿರುಗಿಸಿ, ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ ಹಿಡಿಯಿತು ಎಂದು ತೋರಿಸುತ್ತದೆ.

ಒಂದೊಂದು ಜೋಡಿಗೂ ಒಂದೊಂದು ಸೂತ್ರ ಉರು ಹೊಡೆಯುವವರು ಪರೀಕ್ಷೆಯ ಹೊತ್ತಿಗೆ ಗುಣಿಸಬೇಕೋ ಭಾಗಿಸಬೇಕೋ ಎಂದು ತಡವರಿಸುತ್ತಾರೆ. ಅಷ್ಟು ಸೂತ್ರ ಬೇಕಾಗಿಯೇ ಇಲ್ಲ. ವೇಗ ಎಂದರೆ ದೂರ ಭಾಗಿಸು ಕಾಲ. ಆದ್ದರಿಂದ ದೂರದ ಮಾನ ಮತ್ತು ಕಾಲದ ಮಾನ ಎರಡನ್ನು ಬದಲಿಸಿದರೆ ವೇಗದ ಮಾನ ತಾನಾಗಿಯೇ ಬದಲಾಗುತ್ತದೆ. ಅದಕ್ಕೆ ಬೇಕಾದ ಸಂಖ್ಯೆಗಳು ಇವು:

1 ಕಿಲೋಮೀಟರ್ = 1000 ಮೀಟರ್
1 ಗಂಟೆ = 3600 ಸೆಕೆಂಡ್
1 ನಾಟಿಕಲ್ ಮೈಲಿ = 1852 ಮೀಟರ್
1 ಮೈಲಿ = 1609.344 ಮೀಟರ್

ನಾಲ್ಕೂ ನಿಖರ ಬೆಲೆಗಳು, ಅಂದಾಜಲ್ಲ. ನಾಟಿಕಲ್ ಮೈಲಿಯ 1852 ಮೀಟರ್ 1929ರಲ್ಲಿ ಮೊನಾಕೋದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ನಿಗದಿಯಾಯಿತು. ಮೈಲಿಯ ಬೆಲೆ 1959ರಲ್ಲಿ ಇಂಗ್ಲಿಷ್ ಭಾಷಿಕ ದೇಶಗಳು ಒಂದು ಗಜವನ್ನು 0.9144 ಮೀಟರ್ ಎಂದು ಒಪ್ಪಿಕೊಂಡದ್ದರಿಂದ ಬಂದದ್ದು; ಅಡಿ ಅದರ ಮೂರನೇ ಒಂದು ಭಾಗ, ಅಂದರೆ 0.3048 ಮೀಟರ್. ಅಡಿಯ ಲೆಕ್ಕ ಬರುವ ಕೆಲಸದವರು ಈ ಐದನೆಯ ಸಂಖ್ಯೆಯನ್ನೂ ಸೇರಿಸಿಕೊಳ್ಳಿ.

ಮೊದಲು ಮೀಟರ್-ಸೆಕೆಂಡಿಗೆ, ಆಮೇಲೆ ಬೇಕಾದ ಕಡೆಗೆ

ಯಾವ ಮಾನದಿಂದ ಯಾವ ಮಾನಕ್ಕೆ ಹೋಗುವುದಿದ್ದರೂ ನಡುವೆ ಸೆಕೆಂಡಿಗೆ ಮೀಟರ್‌ನಲ್ಲಿ ಒಮ್ಮೆ ಇಳಿದು ಹೋಗಿ. ಹೆಜ್ಜೆಗಳು ಮೂರೇ.

ಹೆಜ್ಜೆ 1. ಕೊಟ್ಟ ವೇಗವನ್ನು ದೂರ ಮತ್ತು ಕಾಲವಾಗಿ ಬಿಡಿಸಿ ಬರೆಯಿರಿ. 20 ನಾಟ್ ಎಂದರೆ 1 ಗಂಟೆಯಲ್ಲಿ 20 ನಾಟಿಕಲ್ ಮೈಲಿ.

ಹೆಜ್ಜೆ 2. ದೂರವನ್ನು ಮೀಟರಿಗೂ ಕಾಲವನ್ನು ಸೆಕೆಂಡಿಗೂ ತನ್ನಿ. 20 × 1852 = 37,040 ಮೀಟರ್, 3600 ಸೆಕೆಂಡಿನಲ್ಲಿ. ಭಾಗಿಸಿದರೆ ಸೆಕೆಂಡಿಗೆ 10.29 ಮೀಟರ್.

ಹೆಜ್ಜೆ 3. ಬೇಕಾದ ಮಾನಕ್ಕೆ ಏರಿಸಿ. ಗಂಟೆಗೆ ಮೈಲಿ ಬೇಕಿದ್ದರೆ ಒಂದು ಗಂಟೆಯಲ್ಲಿ ಎಷ್ಟು ಮೀಟರ್ ಆಯಿತೆಂದು ನೋಡಿ (10.29 × 3600), ಅದನ್ನು 1609.344ರಿಂದ ಭಾಗಿಸಿ. 23.02 ಬರುತ್ತದೆ.

ಇಲ್ಲಿ 3600 ಒಮ್ಮೆ ಭಾಗವಾಗಿ ಇನ್ನೊಮ್ಮೆ ಗುಣಾಕಾರವಾಗಿ ಬಂತಲ್ಲ, ಎರಡೂ ಗಂಟೆಯ ಮಾನಗಳಾದ್ದರಿಂದ ಹಾಗಾಯಿತು. ರೂಢಿಯಾದ ಮೇಲೆ ಅದನ್ನು ಬಿಟ್ಟು ನೇರವಾಗಿ 20 × 1852 ÷ 1609.344 ಎಂದರೆ ಸಾಕು. ರೂಢಿಯಾಗುವವರೆಗೆ ಮೂರೂ ಹೆಜ್ಜೆ ಬರೆಯುವುದೇ ಕ್ಷೇಮ. ನಡುವಿನ ಉತ್ತರವನ್ನು 10.3 ಎಂದೋ 10 ಎಂದೋ ಮೊಟಕುಗೊಳಿಸಬೇಡಿ. 10 ಎಂದು ಮಾಡಿಕೊಂಡರೆ ಕೊನೆಯ ಉತ್ತರ 22.4ಕ್ಕೆ ಇಳಿಯುತ್ತದೆ. ದಶಾಂಶ ಕತ್ತರಿಸುವುದು ಕೊನೆಯ ಸಾಲಿನಲ್ಲಿ ಮಾತ್ರ.

ಉತ್ತರ ಬಂದ ಮೇಲೆ ಒಂದು ತಪಾಸಣೆ: ಸಂಖ್ಯೆ ದೊಡ್ಡದಾಗಬೇಕಿತ್ತೋ ಚಿಕ್ಕದಾಗಬೇಕಿತ್ತೋ? ಒಂದೇ ವೇಗವನ್ನು ಬೇರೆ ಬೇರೆ ಮಾನದಲ್ಲಿ ಬರೆದರೆ ಗಂಟೆಗೆ ಕಿಲೋಮೀಟರಿನ ಸಂಖ್ಯೆ ಎಲ್ಲಕ್ಕಿಂತ ದೊಡ್ಡದು, ಆಮೇಲೆ ಗಂಟೆಗೆ ಮೈಲಿ, ಆಮೇಲೆ ನಾಟ್, ಎಲ್ಲಕ್ಕಿಂತ ಚಿಕ್ಕದು ಸೆಕೆಂಡಿಗೆ ಮೀಟರ್. ಗಂಟೆಗೆ 100 ಕಿಲೋಮೀಟರ್ ಎಂದರೆ 62.1 ಮೈಲಿ, 54 ನಾಟ್, ಸೆಕೆಂಡಿಗೆ 27.8 ಮೀಟರ್. ಈ ಒಂದು ಸಾಲು ನೆನಪಿದ್ದರೆ ಗುಣಿಸುವಲ್ಲಿ ಭಾಗಿಸಿದ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ.

ಕಿಲೋಮೀಟರ್-ಗಂಟೆ ಮತ್ತು ಮೀಟರ್-ಸೆಕೆಂಡ್

ದಿನಬಳಕೆಯಲ್ಲಿ ಅತಿ ಹೆಚ್ಚು ಬರುವುದು ಈ ಜೋಡಿ. 1000 ÷ 3600 ಸಂಕ್ಷೇಪಿಸಿದರೆ 5/18. ಗಂಟೆಗೆ ಕಿಲೋಮೀಟರಿನಿಂದ ಸೆಕೆಂಡಿಗೆ ಮೀಟರಿಗೆ ಬರಲು 5ರಿಂದ ಗುಣಿಸಿ 18ರಿಂದ ಭಾಗಿಸಬೇಕು, ವಾಪಸು ಹೋಗಲು 3.6ರಿಂದ ಗುಣಿಸಬೇಕು. ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಕೊಡುವ ವೇಗ ಬಹುಪಾಲು 18ರ ಮಗ್ಗಿಯಲ್ಲಿರುತ್ತದೆ: 18 ಎಂದರೆ 5, 36 ಎಂದರೆ 10, 54 ಎಂದರೆ 15, 72 ಎಂದರೆ 20, 90 ಎಂದರೆ 25. ಈ ಐದು ಜೋಡಿ ಬಾಯಿಗೆ ಬಂದಿದ್ದರೆ ಅರ್ಧ ಲೆಕ್ಕ ಪೆನ್ನು ಎತ್ತುವ ಮೊದಲೇ ಮುಗಿದಿರುತ್ತದೆ.

ಮಗ್ಗಿಯಲ್ಲಿಲ್ಲದ ಸಂಖ್ಯೆಗೆ ಮನಸ್ಸಿನಲ್ಲೇ ಮಾಡುವ ದಾರಿಯೊಂದಿದೆ. ಮೀಟರ್-ಸೆಕೆಂಡ್ ಇದ್ದದ್ದನ್ನು ನಾಲ್ಕು ಪಟ್ಟು ಮಾಡಿ, ಬಂದದ್ದರಲ್ಲಿ ಹತ್ತನೇ ಒಂದು ಭಾಗ ಕಳೆಯಿರಿ. 25ಕ್ಕೆ 100, ಅದರಲ್ಲಿ 10 ಕಳೆದರೆ 90. ಇದು ಅಂದಾಜಲ್ಲ, 4ರಲ್ಲಿ ಹತ್ತನೇ ಒಂದು ಭಾಗ ಕಳೆದರೆ ಉಳಿಯುವುದು ಸರಿಯಾಗಿ 3.6. ಹಿಂದಿರುಗುವಾಗ ಮಾತ್ರ ಎಚ್ಚರ. ನಾಲ್ಕರಿಂದ ಭಾಗಿಸಿ ಹತ್ತನೇ ಒಂದು ಭಾಗ ಸೇರಿಸಿದರೆ ಉತ್ತರ ಶೇ 1ರಷ್ಟು ಕಡಿಮೆ ಬರುತ್ತದೆ. ಸೇರಿಸಬೇಕಾದದ್ದು ಒಂಬತ್ತನೇ ಒಂದು ಭಾಗ. 100ಕ್ಕೆ 25, ಅದರ ಒಂಬತ್ತನೇ ಒಂದು ಭಾಗ 2.78, ಕೂಡಿದರೆ 27.78. ಶೇಕಡಾ ಹತ್ತು ಕಳೆದದ್ದನ್ನು ಶೇಕಡಾ ಹತ್ತು ಕೂಡಿ ತುಂಬಿಸಲಾಗದು ಎಂಬ ಅಂಗಡಿ ಲೆಕ್ಕವೇ ಇಲ್ಲೂ ನಡೆಯುವುದು.

ಈ ಪರಿವರ್ತನೆ ಯಾಕೆ ಬೇಕು ಎನ್ನುವುದು ರಸ್ತೆಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಗಂಟೆಗೆ 100 ಕಿಲೋಮೀಟರ್ ಎಂದಾಗ ಅಪಾಯದ ಅಳತೆ ಸಿಗುವುದಿಲ್ಲ, ಸೆಕೆಂಡಿಗೆ 27.8 ಮೀಟರ್ ಎಂದಾಗ ಸಿಗುತ್ತದೆ. ಭಾರತದ ಹೆದ್ದಾರಿ ವಿನ್ಯಾಸದಲ್ಲಿ ಚಾಲಕ ಅಡಚಣೆ ಕಂಡು ಬ್ರೇಕ್ ಒತ್ತುವವರೆಗಿನ ಅವಧಿಯನ್ನು 2.5 ಸೆಕೆಂಡ್ ಎಂದು ಹಿಡಿಯುತ್ತಾರೆ. ಅಷ್ಟರಲ್ಲಿ ಕಾರು 69 ಮೀಟರ್ ಮುಂದೆ ಹೋಗಿಯಾಗಿರುತ್ತದೆ, ಬ್ರೇಕ್ ಹಿಡಿಯಲು ಶುರುವಾಗುವುದೇ ಅಲ್ಲಿಂದ. ಗಂಟೆಗೆ 60 ಇದ್ದರೆ ಅದೇ 2.5 ಸೆಕೆಂಡಿಗೆ 42 ಮೀಟರ್. ಫೋನ್ ಕಡೆ ಎರಡು ಸೆಕೆಂಡ್ ಕಣ್ಣು ಹಾಯಿಸಿದರೆ ಕಣ್ಣುಮುಚ್ಚಿ ಎಷ್ಟು ದೂರ ಓಡಿಸಿದಂತಾಯಿತು ಎಂದು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಲೆಕ್ಕ ಇಲ್ಲ.

ರೈಲಿನ ಲೆಕ್ಕಗಳಲ್ಲಿ ಮಾನ ಬದಲಿಸುವುದರ ಜೊತೆಗೆ ರೈಲಿನ ಉದ್ದ ಮರೆಯುವ ತಪ್ಪೂ ಸೇರಿಕೊಳ್ಳುತ್ತದೆ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದಾಗ ಜಗತ್ತಿನ ಅತಿ ಉದ್ದದ್ದು. 540 ಮೀಟರ್ ಉದ್ದದ ರೈಲೊಂದು ಗಂಟೆಗೆ 30 ಕಿಲೋಮೀಟರಿನಲ್ಲಿ ನಿಲ್ಲದೆ ಅದನ್ನು ದಾಟಿಹೋಗುತ್ತದೆ ಎಂದುಕೊಳ್ಳಿ. 30 × 5/18 ಎಂದರೆ ಸೆಕೆಂಡಿಗೆ 8.33 ಮೀಟರ್. ಎಂಜಿನ್ನಿನ ಮೂತಿ ಪ್ಲಾಟ್‌ಫಾರ್ಮಿನ ಆರಂಭ ಮುಟ್ಟಿದಾಗಿನಿಂದ ಕೊನೆಯ ಬೋಗಿ ಅಂಚು ಬಿಡುವವರೆಗೆ ರೈಲು ಸಾಗಬೇಕಾದ ದೂರ 1507 + 540 = 2047 ಮೀಟರ್. ಹಾಗಾಗಿ 246 ಸೆಕೆಂಡ್, ಅಂದರೆ 4 ನಿಮಿಷ 6 ಸೆಕೆಂಡ್. ರೈಲಿನ ಉದ್ದ ಬಿಟ್ಟವರಿಗೆ 3 ನಿಮಿಷ ಬರುತ್ತದೆ, ಮತ್ತು ಪರೀಕ್ಷೆಯ ನಾಲ್ಕು ಆಯ್ಕೆಗಳಲ್ಲಿ ಆ ತಪ್ಪು ಉತ್ತರ ತಪ್ಪದೆ ಇರುತ್ತದೆ.

ರೈಲಿನ ಕಿಟಕಿಯಲ್ಲಿ ಕೂತು ವೇಗ ಅಳೆಯುವುದಕ್ಕೆ ಮಾನ ಬದಲಿಸುವ ಕೆಲಸವೂ ಇಲ್ಲ. ಹಳಿ ಪಕ್ಕದ ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿಗೆ ಎಷ್ಟು ಸೆಕೆಂಡ್ ಹಿಡಿಯಿತೆಂದು ಗಡಿಯಾರ ನೋಡಿ, 3600ನ್ನು ಅದರಿಂದ ಭಾಗಿಸಿ. 36 ಸೆಕೆಂಡಾದರೆ ಗಂಟೆಗೆ 100, 45ಕ್ಕೆ 80, ಸರಿಯಾಗಿ ಒಂದು ನಿಮಿಷವಾದರೆ 60. ಕಲ್ಲು ಕಿಟಕಿಯ ಒಂದೇ ಅಂಚಿಗೆ ಬಂದಾಗ ಶುರು ಮಾಡಿ ಅದೇ ಅಂಚಿಗೆ ಬಂದಾಗ ನಿಲ್ಲಿಸಬೇಕು. ಒಂದು ಸೆಕೆಂಡ್ ಆಚೀಚೆಯಾದರೆ 100ರ ಹತ್ತಿರ ಸುಮಾರು 3 ಕಿಲೋಮೀಟರ್ ವ್ಯತ್ಯಾಸ ಬರುತ್ತದೆ. ಎರಡು ಮೂರು ಕಲ್ಲು ಒಟ್ಟಿಗೆ ಅಳೆದರೆ ಆ ದೋಷ ಹಂಚಿಹೋಗುತ್ತದೆ.

ಮೈಲಿ: 1.6 ಎಲ್ಲಿ ಸಾಕು, ಎಲ್ಲಿ ಸಾಲದು

ಮೈಲಿಯನ್ನು ಕಿಲೋಮೀಟರ್ ಮಾಡಲು ಇದ್ದ ಸಂಖ್ಯೆಗೆ ಅದರ ಅರ್ಧ, ಆಮೇಲೆ ಹತ್ತನೇ ಒಂದು ಭಾಗ ಸೇರಿಸಿ. 65ಕ್ಕೆ 32.5 ಮತ್ತು 6.5 ಸೇರಿದರೆ 104, ನಿಜವಾದದ್ದು 104.6. ಹೊಸದಾಗಿ ಅಮೆರಿಕಕ್ಕೋ ಲಂಡನ್ನಿಗೋ ಹೋದವರು ಗಾಡಿ ಓಡಿಸಲು ಇಷ್ಟು ಸಾಕು. ಇಂಗ್ಲೆಂಡಿನ ಊರೊಳಗಿನ 30 ಎಂದರೆ 48 ಕಿಲೋಮೀಟರ್, ಮೋಟರ್‌ವೇಯ 70 ಎಂದರೆ 113. ಭಾರತದ ರಸ್ತೆಗೆ ಒಗ್ಗಿದ ಕಣ್ಣು 30ರ ಫಲಕ ನೋಡಿ ಇಷ್ಟು ನಿಧಾನವೇ ಎಂದುಕೊಳ್ಳುತ್ತದೆ, 70 ನೋಡಿ ಇದೇನು ಮಹಾ ಎಂದುಕೊಳ್ಳುತ್ತದೆ. ಎರಡನೆಯದೇ ಹೆಚ್ಚು ಅಪಾಯದ್ದು.

ಇನ್ನೊಂದು ಸೊಗಸಾದ ದಾರಿ 1, 2, 3, 5, 8, 13, 21, 34, 55, 89 ಎಂಬ ಸರಣಿ. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಪಶ್ಚಿಮದಲ್ಲಿ ಇದಕ್ಕೆ ಫಿಬೊನಾಚಿಯ ಹೆಸರಿದ್ದರೂ ಅವನಿಗಿಂತ ಮೊದಲೇ, 12ನೆಯ ಶತಮಾನದಲ್ಲಿ, ಗುಜರಾತಿನ ಜೈನ ವಿದ್ವಾಂಸ ಹೇಮಚಂದ್ರ ಛಂದಸ್ಸಿನ ಲಘು-ಗುರುಗಳನ್ನು ಇಷ್ಟು ಮಾತ್ರೆಗೆ ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂದು ಲೆಕ್ಕ ಹಾಕುತ್ತ ಇದನ್ನು ಹೇಳಿದ್ದ. ಸರಣಿಯಲ್ಲಿ ಒಂದು ಸಂಖ್ಯೆ ಮೈಲಿಯಾದರೆ ಅದರ ಮುಂದಿನದು ಹತ್ತಿರಹತ್ತಿರ ಕಿಲೋಮೀಟರ್: 34 ಮೈಲಿಗೆ 55 (ನಿಜ 54.7), 55 ಮೈಲಿಗೆ 89 (ನಿಜ 88.5). ಪಕ್ಕದ ಸಂಖ್ಯೆಗಳ ಅನುಪಾತ 1.618ರತ್ತ ಸಾಗುವುದೂ ಮೈಲಿಯ ಬೆಲೆ 1.609 ಆಗಿರುವುದೂ ಬರೀ ಕಾಕತಾಳೀಯ, ಆದರೆ ಉಪಯೋಗದ ಕಾಕತಾಳೀಯ.

ಅಂದಾಜು ಕೈಕೊಡುವುದು ಗಡಿರೇಖೆಯ ಹತ್ತಿರ. ಕ್ರಿಕೆಟ್ಟಿನಲ್ಲಿ ಗಂಟೆಗೆ ನೂರು ಮೈಲಿಯ ಎಸೆತ ಎಂಬ ಗಡಿ ಇದೆಯಲ್ಲ, ಅದು 160.93 ಕಿಲೋಮೀಟರ್. 2003ರ ವಿಶ್ವಕಪ್‌ನಲ್ಲಿ ಶೋಯೆಬ್ ಅಖ್ತರ್ ಎಸೆದ 161.3 ಕಿಲೋಮೀಟರಿನ ಚೆಂಡು 100.2 ಮೈಲಿ, ಗಡಿ ದಾಟಿದ್ದು ನಿಜ. ಆದರೆ 160.5 ಕಿಲೋಮೀಟರಿನ ಎಸೆತವನ್ನು 1.6ರಿಂದ ಭಾಗಿಸಿದವರಿಗೆ 100.3 ಬಂದು ದಾಖಲೆಯಂತೆ ಕಾಣುತ್ತದೆ. ನಿಜವಾದ ಬೆಲೆ 99.7. ದಾಖಲೆ, ದಂಡ, ವಿಮೆ, ಟೆಂಡರ್, ಹೀಗೆ ಒಂದು ಗೆರೆಯ ಆಚೆ-ಈಚೆ ತೀರ್ಮಾನವಾಗುವ ಕಡೆಯಲ್ಲೆಲ್ಲ 1.609344 ಪೂರ್ತಿ ಹಾಕಿ.

ನಾಟ್: ಕಡಲಿನ ಲೆಕ್ಕ

ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಗಂಟೆಗೆ 1.852 ಕಿಲೋಮೀಟರ್. ಗಂಟೆ ಅದರೊಳಗೇ ಇದೆ, ಹಾಗಾಗಿ ‘ಗಂಟೆಗೆ 20 ನಾಟ್’ ಎಂದು ಬರೆಯುವುದು ತಪ್ಪು. ನಾಟಿಕಲ್ ಮೈಲಿ ಭೂಮಿಯ ಅಕ್ಷಾಂಶಕ್ಕೆ ಕಟ್ಟಿಕೊಂಡದ್ದು: ಅಕ್ಷಾಂಶದ ಒಂದು ಮಿನಿಟು ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲಿ, ಒಂದು ಡಿಗ್ರಿ 60 ನಾಟಿಕಲ್ ಮೈಲಿ. ಮಂಗಳೂರು ಸುಮಾರು 12 ಡಿಗ್ರಿ 52 ಮಿನಿಟಿನಲ್ಲಿದೆ, ಕಾರವಾರ ಸುಮಾರು 14 ಡಿಗ್ರಿ 48 ಮಿನಿಟಿನಲ್ಲಿ. ನಡುವಿನ ಉತ್ತರ-ದಕ್ಷಿಣ ಅಂತರ 116 ನಾಟಿಕಲ್ ಮೈಲಿ ಎಂದು ನಕ್ಷೆಯ ಅಂಚು ನೋಡಿಯೇ ಹೇಳಬಹುದು. ಹಡಗು, ವಿಮಾನಗಳು ಈ ಮಾನವನ್ನು ಬಿಡದಿರುವುದಕ್ಕೆ ಕಾರಣ ಇದೇ.

ಮನಸ್ಸಿನ ಲೆಕ್ಕ: ನಾಟ್ ಇದ್ದದ್ದನ್ನು ಎರಡು ಪಟ್ಟು ಮಾಡಿ ಶೇ 7.5 ಕಳೆದರೆ ಕಿಲೋಮೀಟರ್. 8 ನಾಟ್‌ಗೆ 16, ಅದರಲ್ಲಿ 1.2 ಹೋದರೆ 14.8. ಕಿಲೋಮೀಟರಿನಿಂದ ನಾಟ್‌ಗೆ ಅರ್ಧ ಮಾಡಿ ಶೇ 8 ಸೇರಿಸಿ: 40ಕ್ಕೆ 20 ಮತ್ತು 1.6, ಒಟ್ಟು 21.6. ಸೆಕೆಂಡಿಗೆ ಮೀಟರ್ ಬೇಕಾದರೆ ನಾಟ್‌ನ ಅರ್ಧಕ್ಕಿಂತ ತುಸು ಹೆಚ್ಚು, ಸುಮಾರು 0.5144 ಪಟ್ಟು.

ಮೀನುಗಾರರಿಗೆ ಬರುವ ಮುನ್ಸೂಚನೆಗಳಲ್ಲಿ ಗಾಳಿಯ ವೇಗ ಗಂಟೆಗೆ ಕಿಲೋಮೀಟರಿನಲ್ಲಿರುತ್ತದೆ, ನೀರಿನ ಸೆಳೆತ ಸೆಕೆಂಡಿಗೆ ಸೆಂಟಿಮೀಟರಿನಲ್ಲಿ, ಬೋಟಿನ ವೇಗ ನಾಟ್‌ನಲ್ಲಿ. ಮೂರನ್ನೂ ಒಂದೇ ಮಾನಕ್ಕೆ ತಂದರೆ ಮಾತ್ರ ಕೂಡಿ ಕಳೆಯಲಾಗುತ್ತದೆ. 51.4 ಸೆಂಟಿಮೀಟರ್ ಸೆಳೆತ ಒಂದು ನಾಟ್. ಸೆಳೆತ 75 ಸೆಂಟಿಮೀಟರ್ ಇದ್ದರೆ 1.46 ನಾಟ್. 8 ನಾಟ್ ಓಡುವ ಬೋಟು ಅದಕ್ಕೆ ಎದುರಾಗಿ ಹೋದರೆ ನೆಲದ ಲೆಕ್ಕದಲ್ಲಿ 6.54, ಅದರ ಜೊತೆಗೆ ಬಂದರೆ 9.46. 20 ನಾಟಿಕಲ್ ಮೈಲಿ ಹೋಗಲು 3 ಗಂಟೆ 3 ನಿಮಿಷ, ಬರಲು 2 ಗಂಟೆ 7 ನಿಮಿಷ. ಸೆಳೆತ ಇಲ್ಲದಿದ್ದರೆ ಹೋಗಿಬರಲು ಸರಿಯಾಗಿ 5 ಗಂಟೆ ಸಾಕಿತ್ತು. ಎದುರಾಗಿ ಕಳೆದುಕೊಂಡದ್ದು ಜೊತೆಯಲ್ಲಿ ಬರುವಾಗ ಪೂರ್ತಿ ವಾಪಸು ಸಿಗುವುದಿಲ್ಲ, ಸುಮಾರು 10 ನಿಮಿಷದ ಡೀಸೆಲ್ ಹೆಚ್ಚು ಬೇಕು.

ಚಂಡಮಾರುತದ ಸುದ್ದಿ ಓದುವಾಗ ಇನ್ನೊಂದು ತೊಡಕು. ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ 34ರಿಂದ 47 ನಾಟ್ ಗಾಳಿ ಇದ್ದರೆ ಚಂಡಮಾರುತ, ಕಿಲೋಮೀಟರಿನಲ್ಲಿ ಅದನ್ನೇ 62ರಿಂದ 88 ಎಂದು ಕೊಡುತ್ತಾರೆ. 34ನ್ನು 1.852ರಿಂದ ಗುಣಿಸಿದರೆ 63 ಬರಬೇಕಲ್ಲ? ಗಾಳಿಯನ್ನು ಪೂರ್ಣ ನಾಟ್‌ಗೆ ಸರಿಹೊಂದಿಸಿ ಹೇಳುವಾಗ 33.5 ಕೂಡ 34ಕ್ಕೆ ಏರುತ್ತದೆ, 33.5 ನಾಟ್ ಎಂದರೆ 62 ಕಿಲೋಮೀಟರ್. ದುಂಡಗೆ ಮಾಡಿದ ಪಟ್ಟಿಯ ಸಂಖ್ಯೆಗಳನ್ನು ಮತ್ತೆ ಪರಿವರ್ತಿಸಿ ‘ಪಟ್ಟಿಯೇ ತಪ್ಪು’ ಎನ್ನಬಾರದು. ಎರಡು ಮಾನಗಳಲ್ಲೂ ಕೊಟ್ಟ ಪಟ್ಟಿ ಇದ್ದರೆ ಆಯಾ ಕಂಬಸಾಲನ್ನು ಇದ್ದಂತೆಯೇ ಬಳಸಿ. ಜೊತೆಗೆ, ನಮ್ಮ ಇಲಾಖೆ 3 ನಿಮಿಷದ ಸರಾಸರಿ ಗಾಳಿ ಹೇಳುತ್ತದೆ, ಅಮೆರಿಕದ ಸಂಸ್ಥೆಗಳು 1 ನಿಮಿಷದ ಸರಾಸರಿ. ಒಂದೇ ಚಂಡಮಾರುತಕ್ಕೆ ಅಲ್ಲಿಯ ಅಂಕಿ ಹೆಚ್ಚಿಗೆ ಕಂಡರೆ ಮಾನ ಬದಲಿಸುವಲ್ಲಿ ಯಾರೋ ಎಡವಿದ್ದಾರೆ ಎಂದುಕೊಳ್ಳಬೇಕಿಲ್ಲ.

ಗಾಳಿಯ ಲೆಕ್ಕದಲ್ಲಿ ಮಾನ ತಪ್ಪಿದರೆ ನಷ್ಟ ಎಷ್ಟು ದೊಡ್ಡದು ಎಂಬುದಕ್ಕೆ ಚಿತ್ರದುರ್ಗ, ಗದಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡಬೇಕು. ಗಾಳಿಯಲ್ಲಿರುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ ಕಿಲೋಮೀಟರಿನಲ್ಲಿ ಬಂದ ದತ್ತಾಂಶವನ್ನು ನಾಟ್ ಎಂದು ತಿಳಿದರೆ ವೇಗ 1.852 ಪಟ್ಟು ತಪ್ಪುತ್ತದೆ, ಶಕ್ತಿ 6.35 ಪಟ್ಟು. ಮೈಲಿ ಎಂದು ತಿಳಿದರೂ ನಾಲ್ಕು ಪಟ್ಟಿಗಿಂತ ಹೆಚ್ಚು.

ಓಟಗಾರರ ಪೇಸ್

ಪೇಸ್ ಎಂದರೆ ಒಂದು ಕಿಲೋಮೀಟರಿಗೆ ಹಿಡಿದ ನಿಮಿಷ. ಇದು ವೇಗದ ವಿಲೋಮ, ಸಂಖ್ಯೆ ಇಳಿದಷ್ಟೂ ಓಟ ಜೋರು. 60ನ್ನು ಪೇಸ್‌ನಿಂದ ಭಾಗಿಸಿದರೆ ಗಂಟೆಗೆ ಕಿಲೋಮೀಟರ್, 60ನ್ನು ವೇಗದಿಂದ ಭಾಗಿಸಿದರೆ ಪೇಸ್.

ಇಲ್ಲಿ ಎಲ್ಲರೂ ಬೀಳುವ ಗುಂಡಿ ಒಂದೇ: 5:30 ಎಂಬುದನ್ನು 5.30 ಎಂದು ಕ್ಯಾಲ್ಕುಲೇಟರಿಗೆ ಒತ್ತುವುದು. 5 ನಿಮಿಷ 30 ಸೆಕೆಂಡ್ ಎಂದರೆ 5.5 ನಿಮಿಷ. 60 ÷ 5.5 = 10.91. 5.30 ಒತ್ತಿದವರಿಗೆ 11.32 ಬರುತ್ತದೆ, ಟ್ರೆಡ್‌ಮಿಲ್‌ನಲ್ಲಿ ಅಷ್ಟು ಇಟ್ಟರೆ ಅರ್ಧ ದಾರಿಯಲ್ಲೇ ಉಸಿರು ಕಟ್ಟುತ್ತದೆ. ವಾಪಸು ಬರುವಾಗಲೂ ಇದೇ ಎಚ್ಚರ: ಟ್ರೆಡ್‌ಮಿಲ್ 11 ತೋರಿಸಿದರೆ 60 ÷ 11 = 5.45. ಇದು 5 ನಿಮಿಷ 45 ಸೆಕೆಂಡ್ ಅಲ್ಲ. ದಶಾಂಶದ ಭಾಗವನ್ನು 60ರಿಂದ ಗುಣಿಸಬೇಕು, 0.4545 × 60 = 27. ಹಾಗಾಗಿ 5:27.

ಮೈಲಿಗೆ ಇಷ್ಟು ನಿಮಿಷ ಎಂಬ ಪೇಸನ್ನು ಕಿಲೋಮೀಟರಿಗೆ ತರುವಾಗ 1.609ರಿಂದ ಭಾಗಿಸಬೇಕು, ಗುಣಿಸಬಾರದು. ದೂರ ಚಿಕ್ಕದಾದರೆ ಹಿಡಿಯುವ ಸಮಯವೂ ಚಿಕ್ಕದೇ. ಮೈಲಿಗೆ 9:00 ಎಂದರೆ 540 ಸೆಕೆಂಡ್, ಭಾಗಿಸಿದರೆ 335.5 ಸೆಕೆಂಡ್, ಅಂದರೆ ಕಿಲೋಮೀಟರಿಗೆ ಸುಮಾರು 5:36. ಎಲ್ಲವನ್ನೂ ಮೊದಲು ಸೆಕೆಂಡ್ ಮಾಡಿಕೊಂಡರೆ ಗೊಂದಲವೇ ಇರುವುದಿಲ್ಲ. ಎಕ್ಸೆಲ್‌ನಲ್ಲಿ 5:30 ಎಂದು ತುಂಬಿದರೆ ಅದು 5 ಗಂಟೆ 30 ನಿಮಿಷ ಎಂದು ತಿಳಿದು ದಿನದ ಭಾಗವಾಗಿ ಇಟ್ಟುಕೊಳ್ಳುತ್ತದೆ. ಆ ಕೋಶವನ್ನು 24ರಿಂದ ಗುಣಿಸಿ, 60ನ್ನು ಬಂದದ್ದರಿಂದ ಭಾಗಿಸಿ, ವೇಗ ಸರಿಯಾಗಿ ಬರುತ್ತದೆ.

ಜಿಪಿಎಸ್, ಫೋನ್, ಹವಾಮಾನದ ಆ್ಯಪ್

ಎಂಜಿನಿಯರಿಂಗ್ ವಿದ್ಯಾರ್ಥಿಗಳು ವಾಹನ ಟ್ರ್ಯಾಕರ್ ಪ್ರಾಜೆಕ್ಟ್ ಮಾಡುವಾಗ ಬಸ್ಸು 60ರಲ್ಲಿ ಓಡುತ್ತಿದ್ದರೂ ಪರದೆಯಲ್ಲಿ 32 ಬರುತ್ತದೆ, ಜಿಪಿಎಸ್ ಮಾಡ್ಯೂಲ್ ಕೆಟ್ಟಿದೆ ಎಂದು ಬದಲಿಸುತ್ತಾರೆ. ಮಾಡ್ಯೂಲ್ ಸರಿಯಾಗಿಯೇ ಇದೆ. ಜಿಪಿಎಸ್ ಮಾಡ್ಯೂಲುಗಳು ಕಳಿಸುವ ಆರ್‌ಎಂಸಿ ಎಂಬ ದತ್ತಾಂಶದ ಸಾಲಿನಲ್ಲಿ ವೇಗ ಇರುವುದು ನಾಟ್‌ನಲ್ಲಿ, 32.4ನ್ನು 1.852ರಿಂದ ಗುಣಿಸಿದರೆ 60 ಸಿಗುತ್ತದೆ. ವಿಟಿಜಿ ಸಾಲಿನಲ್ಲಿ ನಾಟ್ ಮತ್ತು ಕಿಲೋಮೀಟರ್ ಎರಡೂ ಇರುತ್ತವೆ. ಆಂಡ್ರಾಯ್ಡ್ ಮತ್ತು ಐಫೋನ್‌ಗಳ ಲೊಕೇಶನ್ ಸೌಲಭ್ಯ ಕೊಡುವುದು ಸೆಕೆಂಡಿಗೆ ಮೀಟರ್. ಐಫೋನ್‌ನಲ್ಲಿ ವೇಗ ಸಿಗದಿದ್ದಾಗ ಋಣ ಸಂಖ್ಯೆ ಬರುತ್ತದೆ, ಅದನ್ನು ತಡೆಯದೆ 3.6ರಿಂದ ಗುಣಿಸಿದ ಆ್ಯಪ್‌ಗಳು ನಿಂತ ಗಾಡಿಗೆ −3.6 ತೋರಿಸುತ್ತವೆ.

ಪ್ರೋಗ್ರಾಂ ಬರೆಯುವವರಿಗೆ ಇನ್ನೊಂದು ಮಾತು. ಆರ್ಡುಯಿನೋ, ಸಿ, ಜಾವಾಗಳಲ್ಲಿ 5/18 ಎಂದು ಪೂರ್ಣಾಂಕದಲ್ಲಿ ಬರೆದರೆ ಉತ್ತರ ಸೊನ್ನೆ, ಅದರಿಂದ ಏನನ್ನು ಗುಣಿಸಿದರೂ ಸೊನ್ನೆ. 5.0/18.0 ಎಂದು ಬರೆಯಿರಿ, ಇಲ್ಲವೇ 3.6ರಿಂದ ಭಾಗಿಸಿ. ಚರಾಂಶದ ಹೆಸರಿನಲ್ಲೇ ಮಾನವನ್ನೂ ಸೇರಿಸಿದರೆ ಆರು ತಿಂಗಳ ನಂತರ ಓದುವವರು ಊಹಿಸಬೇಕಾಗಿಲ್ಲ. ಹವಾಮಾನದ ದತ್ತಾಂಶ ತರಿಸುವಾಗ ದಾಖಲೆಯ ಮಾನದ ಪುಟ ಓದದೆ ಮುಂದುವರಿಯಬೇಡಿ: ಓಪನ್‌ವೆದರ್ ಮೆಟ್ರಿಕ್ ಆಯ್ಕೆಯಲ್ಲೂ ಗಾಳಿಯನ್ನು ಸೆಕೆಂಡಿಗೆ ಮೀಟರಿನಲ್ಲಿ ಕೊಡುತ್ತದೆ, ಓಪನ್-ಮೀಟಿಯೋ ತಾನಾಗಿ ಕೊಡುವುದು ಗಂಟೆಗೆ ಕಿಲೋಮೀಟರ್.

ಲೇತ್ ಯಂತ್ರದ ಮುಂದೆ

ವರ್ಕ್‌ಶಾಪಿನಲ್ಲಿ ಕಟಿಂಗ್ ಸ್ಪೀಡ್ ನಿಮಿಷಕ್ಕೆ ಮೀಟರಿನಲ್ಲಿ ನಡೆಯುತ್ತದೆ, ಅಮೆರಿಕದ ಟೂಲ್ ಕ್ಯಾಟಲಾಗು ನಿಮಿಷಕ್ಕೆ ಅಡಿಯಲ್ಲಿ ಕೊಡುತ್ತದೆ. 0.3048ರಿಂದ ಗುಣಿಸಬೇಕು. ಕ್ಯಾಟಲಾಗಿನ 400 ಅಡಿ ಎಂದರೆ 122 ಮೀಟರ್. 50 ಮಿಲಿಮೀಟರ್ ವ್ಯಾಸದ ಜಾಬಿಗೆ (ಕಡೆಯಬೇಕಾದ ತುಂಡಿಗೆ) ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂದು ಕಂಡುಹಿಡಿಯಲು 1000 × 122ನ್ನು 3.1416 × 50ರಿಂದ ಭಾಗಿಸಿದರೆ 777 ಬರುತ್ತದೆ. 400ನ್ನೇ ಮೀಟರ್ ಎಂದು ಹಾಕಿದರೆ 2546 ಆರ್‌ಪಿಎಂ, ಲೋಹ ಕತ್ತರಿಸುವ ಇನ್ಸರ್ಟ್‌ನ ಅಂಚು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಪೀಣ್ಯದಂಥ ಕಡೆ ಕೆಲಸಕ್ಕೆ ಸೇರುವ ಐಟಿಐ ಹುಡುಗರಿಗೆ ಮೊದಲ ವಾರದಲ್ಲೇ ಹೇಳಿಕೊಡಬೇಕಾದ ಲೆಕ್ಕ ಇದು.

ಮ್ಯಾಕ್ ಮತ್ತು ಅದಕ್ಕಿಂತ ಮೇಲೆ

ಮ್ಯಾಕ್‌ಗೆ ಒಂದೇ ಪರಿವರ್ತನೆಯ ಸಂಖ್ಯೆ ಇಲ್ಲ, ಅದು ಆ ಜಾಗದ ಶಬ್ದದ ವೇಗಕ್ಕೆ ಎಷ್ಟು ಪಟ್ಟು ಎಂಬ ಅನುಪಾತ ಮಾತ್ರ. ಶಬ್ದದ ವೇಗ ಗಾಳಿಯ ಉಷ್ಣತೆಯನ್ನು ಅವಲಂಬಿಸುತ್ತದೆ: ಸಮುದ್ರಮಟ್ಟದಲ್ಲಿ 15 ಡಿಗ್ರಿಗೆ ಗಂಟೆಗೆ 1225 ಕಿಲೋಮೀಟರ್, 11 ಕಿಲೋಮೀಟರ್ ಎತ್ತರದ −56.5 ಡಿಗ್ರಿಯಲ್ಲಿ 1062. ಹಾಗಾಗಿ ಮ್ಯಾಕ್ 1.6 ಎಂಬುದು ಕೆಳಗೆ 1960, ಮೇಲೆ 1700. ಎತ್ತರ ಹೇಳದೆ ಮ್ಯಾಕ್ ಅನ್ನು ಕಿಲೋಮೀಟರಿಗೆ ಬದಲಿಸಿದ ಸುದ್ದಿಯನ್ನು ಅಂದಾಜು ಎಂದೇ ಓದಿ.

ಬಾಹ್ಯಾಕಾಶದ ವೇಗಗಳು ಸೆಕೆಂಡಿಗೆ ಕಿಲೋಮೀಟರಿನಲ್ಲಿ ಬರುತ್ತವೆ, 3600ರಿಂದ ಗುಣಿಸಿದರೆ ಮುಗಿಯಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ಲ್ಯಾಂಡರ್ ಇಳಿಯಲು ಶುರುಮಾಡಿದಾಗ ಇದ್ದ 1.68 ಎಂಬುದು ಗಂಟೆಗೆ 6048 ಕಿಲೋಮೀಟರ್. ಇಲ್ಲಿ 3.6 ಹಾಕಿ 6 ಕಿಲೋಮೀಟರ್ ಎಂದು ಬರೆದುಬಿಡುವ ತಪ್ಪು ಸುಲಭವಾಗಿ ಆಗುತ್ತದೆ.

ಮಾನ ಸರಿಯಿದ್ದೂ ಉತ್ತರ ತಪ್ಪುವ ಕಡೆ

ಪರಿವರ್ತನೆ ಬದಲಿಸುವುದು ಸಂಖ್ಯೆಯನ್ನು, ಅಳತೆಯನ್ನಲ್ಲ. ಕಾರಿನ ಮೀಟರು 85 ತೋರಿಸುವಾಗ ಫೋನಿನ ಜಿಪಿಎಸ್ 80 ಎಂದರೆ ಮಾನದ ಗೊಂದಲ ಹುಡುಕಬೇಡಿ. ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ. ಹೆಚ್ಚು ತೋರಿಸಲು ಶೇ 10 ಮತ್ತು 4 ಕಿಲೋಮೀಟರ್‌ವರೆಗೆ ಅವಕಾಶವಿದೆ. ನಿಜವಾದ 80ಕ್ಕೆ 92ರವರೆಗೂ ತೋರಿಸಬಹುದು. ತಯಾರಕರು ಅದಕ್ಕಾಗಿಯೇ ಮೀಟರನ್ನು ತುಸು ಮುಂದಿಟ್ಟಿರುತ್ತಾರೆ.

ಸರಾಸರಿಯೂ ಹೀಗೆಯೇ. ಹೋಗುವಾಗ ಗಂಟೆಗೆ 90, ಬರುವಾಗ 60 ಎಂದರೆ ಸರಾಸರಿ 75 ಅಲ್ಲ, 72. ನಿಧಾನದ ವೇಗದಲ್ಲಿ ಹೆಚ್ಚು ಹೊತ್ತು ಕಳೆದಿರುತ್ತೀರಿ. ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸುವುದೊಂದೇ ಸರಿಯಾದ ದಾರಿ. ವಿಚಿತ್ರವೆಂದರೆ ಪೇಸ್‌ಗೆ ಈ ತೊಂದರೆ ಇಲ್ಲ, ಸಮ ದೂರಗಳ ಪೇಸ್‌ಗಳನ್ನು ಸುಮ್ಮನೆ ಕೂಡಿ ಭಾಗಿಸಿದರೆ ಸರಿಯಾದ ಸರಾಸರಿಯೇ ಬರುತ್ತದೆ.

2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ದೇಶವೆಲ್ಲ ಹಬ್ಬಿತು. ಲೆಕ್ಕ ಹಾಕಿ ನೋಡಿ: 142.5 ÷ 13.62 = ಸೆಕೆಂಡಿಗೆ 10.46 ಮೀಟರ್, 3.6ರಿಂದ ಗುಣಿಸಿದರೆ ಗಂಟೆಗೆ 37.7 ಕಿಲೋಮೀಟರ್. 100 ಮೀಟರಿಗೆ ಇಳಿಸಿದರೆ 9.56 ಸೆಕೆಂಡ್, ಸುದ್ದಿಯಲ್ಲಿ ಬಂದದ್ದು 9.55. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 9.58ರಲ್ಲಿ ಓಡಿದ್ದು ಗಂಟೆಗೆ 37.6. ಗುಣಾಕಾರ ಭಾಗಾಕಾರದಲ್ಲಿ ದೋಷವಿಲ್ಲ. ಆದರೆ 142.5 ಮೀಟರಿನ ಸರಾಸರಿಯನ್ನು 100ಕ್ಕೆ ಇಳಿಸುವಾಗ ಓಟವಿಡೀ ಒಂದೇ ವೇಗ ಇತ್ತೆಂದು ಹಿಡಿದಂತಾಯಿತು. ನಿಂತಲ್ಲಿಂದ ಹೊರಟು ವೇಗ ಕೂಡಿಸಿಕೊಳ್ಳುವ ಮೊದಲ ಮೀಟರುಗಳ ಪಾಲು 100 ಮೀಟರ್ ಓಟದಲ್ಲಿ ಹೆಚ್ಚು, 142.5ರಲ್ಲಿ ಕಡಿಮೆ. ಒಂದು ಕಡೆ ಕೆಸರಿನ ಪ್ರತಿರೋಧ ಮತ್ತು ಮುಂದೆ ಎಳೆಯುವ ಕೋಣಗಳ ಬಲ, ಇನ್ನೊಂದು ಕಡೆ ಸಿಂಥೆಟಿಕ್ ಟ್ರ್ಯಾಕು. ಗೌಡರ ಓಟದ ದೊಡ್ಡತನವನ್ನು 13.62 ಸೆಕೆಂಡಿನಲ್ಲಿ 142.5 ಮೀಟರ್ ಎಂದು ಇದ್ದಂತೆಯೇ ಬರೆದು, ಅದರ ಪಕ್ಕದಲ್ಲಿ ಗಂಟೆಗೆ 37.7 ಸರಾಸರಿ ಎಂದು ಸೇರಿಸಿದರೆ ಲೆಕ್ಕವೂ ಸರಿ, ಮಾತೂ ಸರಿ.